ಪಂಢರಿಯ ಬ್ಯಾನರಿಗೆ ನೂರಾ ಹನ್ನೆರಡು ಮುಖ

ಭಾಲ್ಕಿಯ ಬಸ್ ನಿಲ್ದಾಣದ ಹಿಂದೆ ಪಂಢರಿಯ ಫ್ಲೆಕ್ಸ್ ಅಂಗಡಿ ಇದೆ. ಹೆಸರು ‘ಸುಮನ ಗ್ರಾಫಿಕ್ಸ್’. ಹೆಂಡತಿಯ ಹೆಸರಿಟ್ಟರೆ ಆಕೆ ಅಂಗಡಿಗೆ ಬಂದು ವಿಚಾರಣೆ ಮಾಡುವುದಿಲ್ಲ ಎಂದು ಅವನು ನಂಬಿದ್ದ. ಆ ನಂಬಿಕೆ ಒಂದು ವಾರ ಬಾಳಿತು.

ಠಾಣಾ ಕುಶನೂರಿನ ಗೋಡೆಗಳ ಮೇಲೆ ಬೀಜ-ಗೊಬ್ಬರದ ಜಾಹೀರಾತು ಬರೆಯುತ್ತಿದ್ದ ಮನುಷ್ಯ, ಫ್ಲೆಕ್ಸ್ ಬಂದ ಮೇಲೆ ಕುಂಚ ಬಿಟ್ಟು ಮೌಸ್ ಹಿಡಿದ. ಈಗ ನಲವತ್ತೆಂಟು ವರ್ಷ. ಶುಭ ಕೋರುವವರ ಮುಖ ಜೋಡಿಸುವುದೇ ಉದ್ಯೋಗ. ನಮ್ಮ ಕಡೆ ಯಾವ ಹಬ್ಬವೇ ಬರಲಿ, ಬ್ಯಾನರಿನಲ್ಲಿ ಹಬ್ಬಕ್ಕಿಂತ ಶುಭ ಕೋರುವವರೇ ದೊಡ್ಡವರು. ಕೂದಲಿಲ್ಲದವರಿಗೆ ಪಂಢರಿ ಕೂದಲು ಕೊಡುತ್ತಾನೆ, ಹೊಟ್ಟೆ ಇದ್ದವರಿಗೆ ಶಾಲು ಹೊದಿಸುತ್ತಾನೆ. ಕೆಲಸವಿಲ್ಲದಾಗ ಗುಟ್ಟಾಗಿ ಕಾರ್ ರೇಸಿನ ಗೇಮ್ ಆಡುತ್ತಾನೆ. ಗುಟ್ಟು ಎಂಬುದು ಅವನ ಅಭಿಪ್ರಾಯ.

ಏಪ್ರಿಲ್ ಮೊದಲ ವಾರ ಜಯಂತಿಯ ಬ್ಯಾನರಿನ ಆರ್ಡರು ಬಂತು. ನಲವತ್ತು ಅಡಿ. ನಡುವೆ ಬಾಬಾಸಾಹೇಬರು, ಸುತ್ತ ನೂರಾ ಹನ್ನೆರಡು ಮುಖ. ಹಳೆಯ ಲ್ಯಾಪ್‌ಟಾಪ್ ಅರವತ್ತನೆಯ ಮುಖಕ್ಕೇ ಕೈಚೆಲ್ಲಿತು. ನಾಲ್ಕು ದಿನದಲ್ಲಿ ಆಗದಿದ್ದರೆ ಆರ್ಡರು ಉದಗೀರಿನ ಅಂಗಡಿಗೆ ಹೋಗುತ್ತದೆ ಎಂದರು ಸಮಿತಿಯವರು. ತನ್ನದೇ ಓಣಿಯ ಜಯಂತಿಗೆ ಉದಗೀರಿನ ಬ್ಯಾನರು! ಹೊಸ ಲ್ಯಾಪ್‌ಟಾಪ್ ಬೇಕೇ ಬೇಕೆಂದು ಪಂಢರಿ ಹೆಂಡತಿಯ ಮುಂದೆ ಕೂತ. ಸುಮನ ಐವತ್ತು ಸಾವಿರಕ್ಕೆ ಒಪ್ಪಿದಳು, ಮೇಲೆ ಒಂದು ರೂಪಾಯಿ ಇಲ್ಲ.

ನಮ್ಮಲ್ಲಿ ತಿಳಿದವರೊಬ್ಬರನ್ನು ಕರೆದುಕೊಳ್ಳದೆ ಯಾರೂ ಏನನ್ನೂ ಕೊಳ್ಳುವುದಿಲ್ಲ. ಏನು ತಿಳಿದಿರಬೇಕು ಎಂಬ ನಿಯಮವಿಲ್ಲ. ಡಾಬಕಾದ ಮನ್ಮಥಪ್ಪನವರು ನಲವತ್ತು ವರ್ಷ ಊರಿಗೆಲ್ಲ ಎತ್ತು ಆರಿಸಿ ಕೊಟ್ಟವರು. ಪಂಢರಿ ಅವರನ್ನೇ ಕರೆದುಕೊಂಡು ಬೀದರಿಗೆ, ಅಂಜುಮ್‌ಳ ಅಂಗಡಿಗೆ ಹೋದ. ಲ್ಯಾಪ್‌ಟಾಪ್ ಬಿಚ್ಚುತ್ತ ಜೋಡಿಸುತ್ತ ವ್ಯಾಪಾರ ಕಲಿತ ಹೆಂಗಸು; ಬೆರಳಿನ ಬದಲು ಸ್ಕ್ರೂಡ್ರೈವರಿನಿಂದಲೇ ತೋರಿಸುತ್ತಾಳೆ.

“ಕೆಲಸ ಯಾವುದು, ಭಾಯ್?”

“ಗ್ರಾಫಿಕ್ಸ್ ಆಪಾ, ಬರೇ ಗ್ರಾಫಿಕ್ಸ್.”

“ಗೇಮು?”

“ಅದು... ಮನ್ಯಾಗ ಹುಡುಗರು...”

“ನಿಮ್ಮ ಮಗಳ ಲಗ್ನದ ಬಿರಿಯಾನಿ ಉಂಡೀನಿ ನಾ. ಮನ್ಯಾಗ ಈಗ ಯಾವ ಹುಡುಗರು?”

ಪಂಢರಿ ಗೋಡೆಯ ಕ್ಯಾಲೆಂಡರ್ ಓದತೊಡಗಿದ.

ಅಷ್ಟರಲ್ಲಿ ಮನ್ಮಥಪ್ಪನವರು ಲ್ಯಾಪ್‌ಟಾಪುಗಳನ್ನು ಒಂದೊಂದಾಗಿ ಎತ್ತಿ ತೂಗುತ್ತಿದ್ದರು. ಕೊನೆಗೆ ಕೀಲಿಗಳ ಕೆಳಗೆ ಕೆಂಪು ದೀಪ ಉರಿಯುವ ಒಂದು ದಪ್ಪನೆಯದನ್ನು ಎದೆಗವಚಿಕೊಂಡರು.

“ಇದು ನೋಡು. ಮೈ ತುಂಬ್ಯಾದ. ಉಸಿರು ಬಿಸಿ ಅದ. ದುಡೀತದ.”

“ಕಾಕಾ, ಇದರಾಗ ಗ್ರಾಫಿಕ್ಸ್ ಕಾರ್ಡು ದೊಡ್ಡದದ, ಗೇಮಿಗಿ ಛಲೋ. ಆದ್ರ ರ‍್ಯಾಮು ಎಂಟೇ ಜಿಬಿ. ಇನ್ನೊಂದು ಹಾಕಿದ್ರ ಐವತ್ತು ದಾಟ್ತದ,” ಎಂದಳು ಅಂಜುಮ್.

“ರ‍್ಯಾಮು ಅಂದ್ರ?”

“ಶಾದಿ ಮನ್ಯಾಗ ಹಾಸಿದ ಜಮಖಾನಿ. ಸಣ್ಣದಿದ್ರ ಮಂದಿ ಎಲ್ಲಿ ಕೂಡಬೇಕ್ರಿ?” ಆಕೆ ಒಂದು ಸಾದಾ ಕಪ್ಪು ಲ್ಯಾಪ್‌ಟಾಪ್ ಮುಂದೆ ಸರಿಸಿದಳು. “ಇದು ಹದಿನಾರು ಜಿಬಿ. ಕಾರ್ಡು ಸಣ್ಣದು, ನಿಮ್ಮ ಮನಿ ಹುಡುಗರಿಗಿ ಸಾಕು. ಪರದಿ ಮ್ಯಾಲ ಬಣ್ಣ ಇದ್ದಂಗೇ ಕಾಣ್ತದ. ನಲವತ್ತೆಂಟು ಸಾವಿರ.”

“ಹಗೂರ ಅದ. ಗಾಳಿ ಬಂದ್ರ ಹಾರ್ತದ. ಬ್ಯಾಡ,” ಎಂದು ಮನ್ಮಥಪ್ಪನವರು ತೀರ್ಪು ಕೊಟ್ಟರು.

ಪಂಢರಿಗೂ ಕೆಂಪು ದೀಪದ ಮೇಲೇ ಮನಸ್ಸು. ಅಂಜುಮ್ ವಾದ ಮಾಡಲಿಲ್ಲ.

“ನಿಮ್ಮ ಬ್ಯಾನರು ತಂದೀರಿಲ್ಲ? ಎರಡರಾಗೂ ಕೂಡಿಸಿ ನೋಡ್ರಿ.”

ಪಂಢರಿ ಪೆನ್‌ಡ್ರೈವ್ ಚುಚ್ಚಿ, ದಪ್ಪನೆಯದರಲ್ಲಿ ಮುಖ ಕೂಡಿಸತೊಡಗಿದ. ಎಪ್ಪತ್ತರವರೆಗೆ ಎಲ್ಲ ಸುಸೂತ್ರ. ಎಂಬತ್ತನೆಯದಕ್ಕೆ ಫ್ಯಾನು ಹಿಟ್ಟಿನ ಗಿರಣಿಯಂತೆ ಗರಗರ ಎಂದಿತು, ಪರದೆ ನಿಂತೇಬಿಟ್ಟಿತು. ಆ ಎಂಬತ್ತನೆಯ ಮುಖ ಸ್ವತಃ ಮನ್ಮಥಪ್ಪನವರದು. ರುಮಾಲು ಬಂದಿತ್ತು, ಹಣೆ ಬಂದಿತ್ತು. ಮೀಸೆ ಬಂದಿರಲಿಲ್ಲ.

ಐದು ನಿಮಿಷ ಕಾದರು. ಮೀಸೆ ಬರಲಿಲ್ಲ.

ಸಾದಾ ಕಪ್ಪಿನದು ನೂರಾ ಹನ್ನೆರಡನ್ನೂ ಕೂಡಿಸಿಕೊಂಡು ಸುಮ್ಮನೆ ಕೂತಿತು. ಮನ್ಮಥಪ್ಪನವರು ತಮ್ಮ ಮೀಸೆಯನ್ನು ಪರದೆಯ ಮೇಲೊಮ್ಮೆ, ಕೈಯಿಂದೊಮ್ಮೆ ಮುಟ್ಟಿ ನೋಡಿಕೊಂಡರು.

“ನಾ ಮೊದಲೇ ಅಂದಿದ್ನಿಲ್ಲ ಪಂಢರಿ? ದಪ್ಪ ಎತ್ತು ಮೇವಿಗಿ ದಂಡ. ಇದೇ ತೊಗೋ.”

“ಹೌದ್ರಿ ಕಾಕಾ, ನೀವೇ ಅಂದಿದ್ರಿ,” ಎಂದು ಅಂಜುಮ್ ಬಿಲ್ಲು ಬರೆದಳು.

ಒಂದೂವರೆ ದಿನದಲ್ಲಿ ಬ್ಯಾನರಿನ ಜೋಡಣೆ ಮುಗಿಯಿತು, ಅಚ್ಚು ಹಾಕುವುದಷ್ಟೇ ಬಾಕಿ. ಆದರೆ ಹೊಸ ಯಂತ್ರ ಎಷ್ಟು ಮುಖ ಬೇಕಾದರೂ ಹಿಡಿಯುತ್ತದೆ ಎಂದು ಮನ್ಮಥಪ್ಪನವರು ಔರಾದವರೆಗೆ ಸಾರಿಬಿಟ್ಟಿದ್ದರು. ಮರುದಿನ ಇನ್ನೂ ಮೂವತ್ತು ಫೋಟೋ ಬಂದವು. ಅಂಗಡಿಗೆ ಬಂದ ಸುಮನ ಪರದೆ ನೋಡಿದಳು.

“ಇನ್ನಾ ಮೂವತ್ತು ಹಾಕಿದ್ರ ಬಾಬಾಸಾಹೇಬರಿಗಿ ಎಲ್ಲಿ ಕೂಡಸ್ತೀರಿ? ಹೊರಗ ನಿಂದ್ರಸ್ತೀರೇನು?”

ಜೀವನದಲ್ಲಿ ಯಾವ ಮುಖಕ್ಕೂ ಇಲ್ಲ ಎನ್ನದ ಪಂಢರಿ ಒಂದು ಗಳಿಗೆ ಯೋಚಿಸಿದ. ಆಮೇಲೆ ಫೋನ್ ಎತ್ತಿ, ಮೂವತ್ತು ಮಂದಿಗೂ ಒಬ್ಬೊಬ್ಬರಾಗಿ, ಬಹಳ ದುಃಖದಿಂದ ಹೇಳಿದ: “ಸಾಹೇಬ್ರ, ರ‍್ಯಾಮ್ ತುಂಬ್ಯಾದರಿ.”

ರ‍್ಯಾಮು ಏನೆಂದು ಯಾರೂ ಕೇಳಲಿಲ್ಲ. ಕೇಳಿದರೆ ಗೊತ್ತಿಲ್ಲವೆಂದು ಗೊತ್ತಾಗುತ್ತಿತ್ತಲ್ಲ. ಮನ್ಮಥಪ್ಪನವರಂತೂ ತುಂಬಿದ ರ‍್ಯಾಮನ್ನು ಕಣ್ಣಾರೆ ಕಂಡಿದ್ದೇನೆಂದು ಸಾಕ್ಷಿ ಹೇಳಿದರು.

ಬ್ಯಾನರು ಹೇಳಿದ ದಿನಕ್ಕೇ ಓಣಿಯ ಬಾಯಿಗೆ ಏರಿತು. ಬಾಬಾಸಾಹೇಬರು ದೂರದಿಂದಲೇ ಕಾಣುತ್ತಿದ್ದರು. ಆಮೇಲೆ ಎರಡು ದಿನ ಪಂಢರಿ ಶಟರ್ ಅರ್ಧ ಇಳಿಸಿ, ಹೊಸ ಗ್ರಾಫಿಕ್ಸ್ ಕಾರ್ಡನ್ನು ಪರೀಕ್ಷಿಸುತ್ತಿದ್ದ. ಒಳಗಿನಿಂದ ಕಾರು ತಿರುವಿನಲ್ಲಿ ಕಿರುಚುವ ಸದ್ದು ಕೇಳಿ ಸುಮನ ಹೊರಗಿನಿಂದಲೇ ಕೂಗಿದಳು:

“ಸಾವಕಾಶ ಹೊಡೀರಿ, ಮುಂದ ಲಾರಿ ಅದ!”