ಮಂಚದ ಕೆಳಗಿನ ಕೈ ಹಿಡಿದು ಕೂರುವ ಹೊಳೆಮ್ಮ

ಬಂಡ್ರಿ ಊರಿನ ಕೇರಿಯಲ್ಲಿ ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಆಚೆ ರಸ್ತೆಯಲ್ಲಿ ಅದಿರಿನ ಲಾರಿಗಳ ಸಾಲು ಶುರುವಾಗಿದೆ. ಮೊದಲ ಲಾರಿ ಗಡಗಡ ಎನ್ನುತ್ತಲೇ ಇಪ್ಪತ್ತಾರು ವರ್ಷದ ತುಳಸಿ ಮಂಚದ ಕೆಳಗೆ ಸರಿದು ಕಿವಿ ಮುಚ್ಚಿಕೊಳ್ಳುತ್ತಾಳೆ. ಹೊಳೆಮ್ಮ ಅವಳನ್ನು ಹೊರಗೆಳೆಯುವುದಿಲ್ಲ. ತಾನೂ ನೆಲದ ಮೇಲೆ ಕೂತು ಮಂಚದಡಿಗೆ ಕೈ ಚಾಚುತ್ತಾಳೆ.

"ಲಾರಿ ಐತಿ ತುಳಸಿ, ಗುಡ್ಡ ಅಲ್ಲ. ರಸ್ತಿ ಮ್ಯಾಲ ಲಾರಿ ಹೊಂಟೈತಿ, ಅಷ್ಟ."

ಬಹಳ ಹೊತ್ತಿನ ಮೇಲೆ ತಣ್ಣನೆಯ ಬೆರಳುಗಳು ಆ ಕೈಯನ್ನು ಹಿಡಿಯುತ್ತವೆ.

ಐವತ್ತೆರಡರ ಹೊಳೆಮ್ಮ ಮೆಣಸಿನಕಾಯಿ ಬಿಡಿಸುವ ಕೂಲಿಯವಳು. ಹೊಲಕ್ಕೆ ಹೋಗುವ ಮುನ್ನ ದಿನವೂ ಮನಸ್ಸು ಕದಡಿದವರಿರುವ ನಾಲ್ಕು ಮನೆಗಳಿಗೆ ಹೋಗಿ ಅವರ ಪಕ್ಕ ಕೂರುತ್ತಾಳೆ. ಇದಕ್ಕೆ ಸಂಬಳವಿಲ್ಲ, ಹುದ್ದೆಯ ಹೆಸರಿಲ್ಲ. ಮೊದಲು ಐದು ಮನೆಗಳಿದ್ದವು.

ಹದಿನಾಲ್ಕು ವರ್ಷಗಳ ಹಿಂದೆ ಕೇರಿಯ ಹೆಂಗಸರು ಗಣಿಯೊಂದರಲ್ಲಿ ಸುತ್ತಿಗೆ ಹಿಡಿದು ಅದಿರು ಒಡೆಯುತ್ತಿದ್ದರು. ರಾತ್ರಿಯೆಲ್ಲ ಮಳೆ ಸುರಿದ ಮರುದಿನ ಮೇಲೆ ಪೇರಿಸಿದ್ದ ಮಣ್ಣಿನ ಗುಡ್ಡೆ ಜರಿದು ಏಳು ಮಂದಿಯ ಮೇಲೆ ಬಿತ್ತು. ಯಾರೂ ಉಳಿಯಲಿಲ್ಲ. ಅವರಲ್ಲಿ ತುಳಸಿಯ ತಾಯಿ ಇದ್ದಳು, ಹೊಳೆಮ್ಮನ ತಂಗಿ ತಾಯಕ್ಕ ಇದ್ದಳು. ಅವ್ವನಿಗೆ ಬುತ್ತಿ ತಂದಿದ್ದ ಹನ್ನೆರಡರ ತುಳಸಿ ಎಲ್ಲವನ್ನೂ ನಿಂತು ನೋಡಿದಳು. ಅಲ್ಲೇ ಕೆಲಸಕ್ಕಿದ್ದ ಹೊಳೆಮ್ಮ ಬರಿಗೈಯಲ್ಲಿ ಮಣ್ಣು ಕೆದರಿದಳು.

"ಮೊದ್ಲು ತಂಗಿ ಗಾಜಿನ ಬಳಿ ಸಿಕ್ವು. ಆಮ್ಯಾಲ ಕೈ ಸಿಕ್ತು. ಬಿಸಿ ಇತ್ರಿ ಕೈ," ಎನ್ನುತ್ತಾಳೆ.

ಆಮೇಲೆ ಎರಡು ವರ್ಷ ಹೊಳೆಮ್ಮ ಮಾತೇ ಆಡಲಿಲ್ಲ. ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಿದರು, ಬೇವಿನ ಬರಲಿನಲ್ಲಿ ಹೊಡೆಸಿದರು. ಕೊನೆಗೆ ಬಂದವರು ಅಕ್ಕನಾಗಮ್ಮ, ಕೇರಿಯಾಚೆಯ ಊರಿನ ನಿವೃತ್ತ ನರ್ಸ್. ಔಷಧಿಯ ಮಾತೆತ್ತದೆ ಪಕ್ಕದಲ್ಲಿ ಕೂತು ಹೋಗುತ್ತಿದ್ದರು. "ನಮ್ಮ ಮನಿ ನೆಲದ ಮ್ಯಾಲ ಕುಂತ ಮೊದಲ್ನೇ ಊರಾಕಿ ಆಕಿ. ಒಂದಿನ 'ಹಸಿವಾಗೈತೇನವಾ' ಅಂದ್ಲು. ಅವತ್ತು ನಾ ಅತ್ತೆ ನೋಡ್ರಿ, ಸಂಜಿತನಕ ಅತ್ತೆ."

ಅಕ್ಕನಾಗಮ್ಮ ಈಗಿಲ್ಲ. ಅವರು ಕೂತಂತೆ ಕೂರುವುದನ್ನು ಹೊಳೆಮ್ಮ ಮುಂದುವರಿಸಿದ್ದಾಳೆ.

ಐದನೆಯ ಮನೆ ನಿಂಗಕ್ಕನದು. ಅದೇ ಗುಡ್ಡೆಯಡಿ ಮಗಳನ್ನು ಕಳೆದುಕೊಂಡವಳು. ಹೋದ ಮಳೆಗಾಲ ಹೊಳೆಮ್ಮ ಎರಡು ದಿನ ಆ ಮನೆಗೆ ಹೋಗಲಾಗಲಿಲ್ಲ. ಮೂರನೆಯ ದಿನ ನಿಂಗಕ್ಕ ಬಾವಿಯಲ್ಲಿ ಸಿಕ್ಕಳು.

"ಜ್ವರ ಬಂದಿದ್ವು ನನಗ," ಎನ್ನುತ್ತಾಳೆ ಹೊಳೆಮ್ಮ. ಮತ್ತೆ ಅದನ್ನೇ ಹೇಳುತ್ತಾಳೆ. ಈಗ ಮೈ ಸುಡುತ್ತಿದ್ದರೂ ಯಾವ ಮನೆಯನ್ನೂ ತಪ್ಪಿಸುವುದಿಲ್ಲ.

ಬೇಸಿಗೆಯಲ್ಲಿ ತುಳಸಿ ಅಂಗಳದವರೆಗೆ ಬಂದು ಕೂತಿದ್ದಳು. ಮಾತ್ರೆಗಳು ಹಿಡಿಸಿದ್ದವು. ತಿಂಗಳಿಗೊಮ್ಮೆ ಪಟ್ಟಣಕ್ಕೆ ಬರುವ ಮನೋವೈದ್ಯರ ಬಳಿಗೆ ಹೊಳೆಮ್ಮ ಕೂಲಿ ಬಿಟ್ಟು ಅವಳನ್ನು ಬಸ್ಸಿನಲ್ಲಿ ಕರೆದೊಯ್ಯುತ್ತಿದ್ದಳು. ಕಳೆದ ಎರಡು ಸಲ ಡಾಕ್ಟರ ಕುರ್ಚಿ ಖಾಲಿಯಿತ್ತು. ಡಾಕ್ಟರಿಗೆ ವರ್ಗವಾಗಿದೆ, ಮುಂದಿನ ತಿಂಗಳು ಬನ್ನಿ ಎಂದರು. ಮಾತ್ರೆ ಮುಗಿದವು. ತುಳಸಿ ಮತ್ತೆ ಮಂಚದಡಿ ಸೇರಿದಳು.

ಇವರೆಲ್ಲ ಹುಷಾರಾಗುತ್ತಾರಾ ಎಂದರೆ ಹೊಳೆಮ್ಮ ಸುಳ್ಳು ಹೇಳುವುದಿಲ್ಲ. "ಪೂರಾ ಹುಷಾರಾದೋರ್ನ ನಾ ನೋಡಿಲ್ರಿ. ನಾನ ಇನ್ನೂ ಆಗಿಲ್ಲ. ಈಗೂ ಮಳಿ ಬಂದ್ರ ಉಗುರು ನೋಯ್ತಾವ. ಒಂದ್ ಹೊತ್ತು ಉಂಡ್ರ, ಅವತ್ತಿಗೆ ಗೆದ್ದಂಗ."

ನಿಮಗೇನು ಬೇಕು ಎಂದು ಈವರೆಗೆ ಅವಳನ್ನು ಯಾರೂ ಕೇಳಿರಲಿಲ್ಲ. ಈಗ ಕೇಳಿದಾಗ ಸೆರಗಿನಿಂದ ಬಾಯಿ ಒತ್ತಿಕೊಳ್ಳುತ್ತಾಳೆ, ಆಮೇಲೆ ಹೇಳುತ್ತಾಳೆ.

"ಒಂದಿನ ನಮ್ಮ ಮನಿಗೂ ಯಾರಾರ ಬರ್ಬೇಕ್ರಿ. ಮಾತು ಬ್ಯಾಡ, ಏನೂ ತರೋದು ಬ್ಯಾಡ. ನಾ ಅಳಾಕ ಹತ್ತಿದ್ರ ಎದ್ದು ಹೋಗಬಾರ್ದು, ಅಷ್ಟ."