ಮೈದುನ ಕಟ್ಟಲು ಬಿಡದ ತಂತಿ

ನನ್ನ ಮೈದುನನ ಉಂಗುರದ ಬೆರಳಿನಲ್ಲಿ ಉಂಗುರ ಇರಲಿಲ್ಲ. ಅದರ ಜಾಗದಲ್ಲಿ ಸುತ್ತಲೂ ಸುಟ್ಟ ಕಲೆ ಇತ್ತು. ಪ್ರಾಯದಲ್ಲಿ ಬಸ್ಸಿನ ಬ್ಯಾಟರಿ ಬಿಚ್ಚುವಾಗ ಉಂಗುರ ಒಂದು ಕಡೆ ಸ್ಪ್ಯಾನರಿಗೂ ಇನ್ನೊಂದು ಕಡೆ ಬಸ್ಸಿನ ತಗಡಿಗೂ ತಗುಲಿ, ಚಿನ್ನ ಕೆಂಪಗೆ ಕಾದು ಮಾಂಸಕ್ಕೆ ಅಂಟಿತ್ತಂತೆ. ಮದುವೆಯಂತೂ ಅಳಿಸುವ ಹಾಗಿಲ್ಲ ಅಂತ ಅವನ ಹೆಂಡತಿ ನಗುತ್ತಿದ್ದಳು. ಅವಳು ಮೊದಲೇ ಹೋದಳು.

ನನ್ನ ಓದು ಎರಡನೇ ಕ್ಲಾಸು. ಬರೆದದ್ದು ಸೊಟ್ಟ ಇದ್ದರೆ ಇರಲಿ.

ಶೃಂಗೇರಿಗೆ ಬರುವ ಯಾತ್ರಿಕರನ್ನು ಸುತ್ತಿಸುತ್ತಾ ಅವನ ಆಯುಷ್ಯ ಕಳೆಯಿತು. ಶ್ವಾಸಕೋಶ ಕೆಟ್ಟು ಮೂಗಿಗೆ ನಳಿಗೆ ಬಂದ ಮೇಲೆ, ಮೂಲೆಯಲ್ಲಿ ಮಲಗಿರಲಾರೆ ಅಂತ ತನ್ನ ಮಿನಿ ಬಸ್ಸಿನ ಸೀಟು ಕಿತ್ತು ಹಾಸಿಗೆ, ಒಲೆ, ಕೈತೊಳೆಯುವ ತೊಟ್ಟಿ ಕೂರಿಸಿ ಅದನ್ನೇ ಮನೆ ಮಾಡಿಕೊಂಡ. ಆಕ್ಸಿಜನ್ ಮಿಷನ್ ನಡೆಯಲು ಹಾಸಿಗೆ ಪಕ್ಕದ ಪೆಟ್ಟಿಗೆಯಲ್ಲಿ ದೊಡ್ಡ ಬ್ಯಾಟರಿ, ಆಚೆ ತುದಿಗೆ ಇನ್ವರ್ಟರ್. ಕೊಪ್ಪದಲ್ಲಿ ನಮ್ಮ ಅಂಗಳದಲ್ಲೇ ಅದು ನಿಂತಿರುತ್ತಿತ್ತು. ಗಂಜಿ ಕೊಡಲು ಹೋದರೆ ನನಗೆ ವೈರಿಂಗ್ ಪಾಠ. ಬೇಡ ಅಂದರೂ ಬಿಡುತ್ತಿರಲಿಲ್ಲ. ನಾನು ಬಗ್ಗಲಾರೆ, ಇದು ಕೆಟ್ಟ ದಿನ ಬಗ್ಗುವವರು ನೀವೇ ಅನ್ನುತ್ತಿದ್ದ.

ಬ್ಯಾಟರಿಯಿಂದ ಹೊರಟ ದಪ್ಪ ವೈರು ಒಂದು ಗೇಣು ಹೋಗುವುದರೊಳಗೆ ಫ್ಯೂಸ್. ಅದನ್ನು ಇನ್ವರ್ಟರ್ ಹತ್ತಿರ ಇಟ್ಟರೆ ಆಗದಾ ಅಂತ ಕೇಳಿದೆ.

"ತೂಬು ಕೆರೆ ಹತ್ರ ಇರ್ತದಾ, ಗದ್ದೆ ಹತ್ರವಾ ಅತ್ತಿಗೆ? ನಡುವೆ ಕಾಲುವೆ ಒಡೆದ್ರೆ ಗದ್ದೆಯಲ್ಲಿ ಕೂತು ಎಂತ ಮುಚ್ತೀರಿ?"

ಹನ್ನೆರಡು ವೋಲ್ಟು, ಕಚಗುಳಿಯೂ ಇಡದ ಕರೆಂಟು, ಇದಕ್ಕೆ ಇಷ್ಟು ಹೆದರಿಕೆಯಾ ಅಂತ ನಮ್ಮಲ್ಲೇ ಇರುವ ನನ್ನ ಅಳಿಯ ಕೆಣಕುತ್ತಿದ್ದ. ಮೈದುನ ಆ ಬೆರಳು ತೋರಿಸುತ್ತಿದ್ದ. ಮನೆ ಕರೆಂಟು ಒದ್ದು ಹೇಳ್ತದೆ, ಬ್ಯಾಟರಿ ಹೇಳದೆ ಸುಡ್ತದೆ ಅನ್ನುವುದು ಅವನ ಮಾತು.

ನಮ್ಮ ಕಡೆ ಫ್ಯೂಸ್ ಹೋದರೆ ತಾಮ್ರದ ಎಳೆ ಸುತ್ತುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ಅಷ್ಟಕ್ಕೆ ಪೇಟೆಗೆ ಯಾರು ಓಡುತ್ತಾರೆ. ಅಳಿಯ ಅದರಲ್ಲಿ ಪಳಗಿದವನು.

ಹೋದ ವರ್ಷ ಉಬ್ಬಸ ಹೆಚ್ಚಾಗಿ ಶಿವಮೊಗ್ಗದ ಆಸ್ಪತ್ರೆಗೆ ಹೊರಟೆವು. ಬಸ್ಸು ಓಡಿಸಿದ್ದು ಅಳಿಯ. ನರಸಿಂಹರಾಜಪುರ ದಾಟಿ ಕಾಡು ಹೊಕ್ಕ ಮೇಲೆ ಮಿಷನ್ ನಿಂತಿತು. ಫ್ಯೂಸ್ ಹೋಗಿತ್ತು. ಜೊತೆಗಿದ್ದ ಸಣ್ಣ ಸಿಲಿಂಡರು ತೆರೆದೆ, ಅದೂ ಬೇಗ ಬರಿದಾಯಿತು. ಅವನು ಕಲಿಸಿದ ಹಾಗೆಯೇ ಇನ್ವರ್ಟರ್ ಆರಿಸಿ ಹೊಸ ಫ್ಯೂಸ್ ಕೂರಿಸಿದೆ. ಕೂರಿಸಿದ್ದೇ ಚಟ್ ಅಂತು. ಡಬ್ಬಿಯಲ್ಲಿದ್ದದ್ದು ಅದೊಂದೇ.

ಅಳಿಯ ಬಸ್ಸು ನಿಲ್ಲಿಸಿ ವೈರಿನ ತುಂಡು ಹಿಡಿದು ಬಂದ. ಫ್ಯೂಸಿನ ಜಾಗಕ್ಕೆ ಇದನ್ನು ಬಿಗಿದರಾಯಿತು, ಶಿವಮೊಗ್ಗ ಮುಟ್ಟುವವರೆಗೆ ಸಾಕಲ್ಲ ಅಂದ. ಕಟ್ಟು ಮಾರಾಯ ಅಂತ ನಾನೂ ಅಂದೆ. ಮೈದುನನ ತುಟಿ ನೀಲಿಯಾಗಿತ್ತು. ಆ ಸುಟ್ಟ ಬೆರಳಿನ ಕೈಯನ್ನು ಫ್ಯೂಸಿನ ಮೇಲೆ ಮುಚ್ಚಿದ.

"ಎರಡು ಸಲ ಹೋಯ್ತಲ್ಲ. ಎಲ್ಲೋ ವೈರು ತಗಡಿಗೆ ತಾಗಿದೆ. ಕಟ್ಟಿದ್ರೆ ಎಲ್ಲರೂ ಬೆಂದು ಹೋಗ್ತೀರಿ. ಓಡಿಸು."

ಅಷ್ಟು ಹೇಳಲು ಮಾತಿಗೊಮ್ಮೆ ನಿಂತ. ಅಳಿಯ ಓಡಿಸಿದ. ನಾನು ಹಾಸಿಗೆ ಕೆಳಗೆ ತೆವಳಿ, ವೈರಿನ ಉದ್ದಕ್ಕೂ ಕೈಯಾಡಿಸಿ ಹುಡುಕಿದೆ. ಸಿಗಲಿಲ್ಲ. ಈಚೆ ಬಂದಾಗ ಅವನ ಕೈ ಫ್ಯೂಸಿನ ಮೇಲೆಯೇ ಇತ್ತು. ಅವನು ಇರಲಿಲ್ಲ. ಕಾಡು ಇನ್ನೂ ಮುಗಿದಿರಲಿಲ್ಲ.

ಆಮೇಲೆ ಗ್ಯಾರೇಜಿನವರು ಬಸ್ಸಿನ ಒಳಗಿನ ತಗಡು ಬಿಚ್ಚಿದರು. ವೈರು ದಾಟುವ ತೂತಿಗೆ ಹಾಕಿದ್ದ ರಬ್ಬರ್ ಬಳೆ ಒಣಗಿ ಉದುರಿ, ವೈರು ಉಜ್ಜಿ ತಾಮ್ರ ಹೊರಬಂದಿತ್ತು. ಸುತ್ತ ಕರಿ. ಅವನು ಹೇಳಿದ್ದು ಸರಿ. ಸರಿ ಅಂತ ಅವನೇನೂ ಎದ್ದು ಬರಲಿಲ್ಲ. ನನ್ನನ್ನು ಉಳಿಸಿ ಆಗಬೇಕಾದ್ದೇನೂ ಇರಲಿಲ್ಲ. ಅಳಿಯನಿಗೆ ಮಕ್ಕಳಿವೆ, ಅದು ಬೇರೆ.

ಮೊನ್ನೆ ಬೆಳಿಗ್ಗೆ ಮಿಕ್ಸಿ ಹಾಕುವಾಗ ಮನೆಯ ಫ್ಯೂಸ್ ಹೋಯಿತು. ಅಳಿಯ ಎಂದಿನ ಹಾಗೆ ತಾಮ್ರದ ಎಳೆ ಸುತ್ತಿ ಕೂರಿಸಿದ. ಯಾವ ಕೈಯಲ್ಲಿ ಸುತ್ತಿದೆಯೋ ಅಂತ ಬೈದೆ. ಅದು ಬಸ್ಸು, ಇದು ಮನೆ ಅತ್ತೆ ಅಂದ. ಎದ್ದು ಹೋಗಿ ಮೇನ್ ಇಳಿಸಿದೆ. ಅವನು ಏರಿಸಿದ. ಮತ್ತೆ ಇಳಿಸಿ ಅದರ ಕೆಳಗೇ ಮಣೆ ಹಾಕಿ ಕೂತೆ. ಪೇಟೆಯಿಂದ ಸರಿಯಾದ ಫ್ಯೂಸ್ ವೈರು ಬರುವ ತನಕ ಏಳಲಿಲ್ಲ.

ನಾನಿರುವ ತನಕ ಹೀಗೆ. ಆಮೇಲೆ ಯಾರೂ ಇಳಿಸುವುದಿಲ್ಲ, ನನಗೆ ಗೊತ್ತು.