ನಾನು ಹಾಕಿದ ಸೈಕಲ್ ತೆರಿಗೆ

ಸರ್ಕಾರ ಸೈಕಲ್ಲಿಗೆ ತೆರಿಗೆ ಹಾಕಿಲ್ಲ. ನಾನು ಹಾಕಿದ್ದೆ. ಹದಿನೈದು ದಿನ ಅದು ಜಾರಿಯಲ್ಲೂ ಇತ್ತು. ಎಪ್ಪತ್ತಮೂರನೆಯ ವಯಸ್ಸಿನಲ್ಲಿ ಮಾಡಿದ ಈ ಕೆಲಸವನ್ನು ಬಾಯಲ್ಲಿ ಒಪ್ಪಿಕೊಂಡಾಗಿದೆ. ಮೊದಲಿನಿಂದ ಕಡೆಯ ತನಕ ಬರೆದೂ ಒಪ್ಪಿಕೊಂಡರೆ ಮನಸ್ಸು ಇನ್ನಷ್ಟು ಹಗುರಾದೀತು.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿ ಮೂವತ್ತು ವರ್ಷ ಪ್ರಕಟಣೆ, ಸುತ್ತೋಲೆ ಬರೆದೆ. ಈಗ ರಾಮಕೃಷ್ಣನಗರದಲ್ಲಿ ಮನೆ, ಪುಟ್ಟದೊಂದು ಕಾರು, ಬೆಳಗಾದರೆ ಪಾರ್ಕು. ಪಾರ್ಕಿನ ಕಲ್ಲುಬೆಂಚಿನಲ್ಲಿ ನನ್ನ ಖಾಯಂ ಎದುರಾಳಿ ಒಬ್ಬರು ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಅವರು ಇಂದಿಗೂ ಓಡಾಡುವುದು ಸೈಕಲ್ಲಿನಲ್ಲೇ.

ಒಂದು ದಿನ ಕಾರಿನ ಮುಂದೆ ಯಾವುದೋ ಸೈಕಲ್ಲು ನಿಧಾನವಾಗಿ ಹೋಗಿ ನನಗೆ ಹಸಿರು ದೀಪ ತಪ್ಪಿತು. ಮಾರನೆಯ ಬೆಳಿಗ್ಗೆ ಆ ಸಿಟ್ಟನ್ನು ಮೇಷ್ಟರ ಮೇಲೆ ತೀರಿಸಿಕೊಳ್ಳಹೋದೆ.

"ನಾವು ಕಾರು ತಗೊಂಡ ದಿನಾನೇ ಲೈಫ್ ಟ್ಯಾಕ್ಸ್ ಕಟ್ಟಿದೀವಿ ಕಣ್ರೀ. ನೀವು ಬಿಟ್ಟಿ ಓಡಾಡ್ತೀರಿ."

"ಬಿಟ್ಟಿ ಎಲ್ಲಿ ಬಂತ್ರೀ? ನಿಮ್ಮ ಕಾರು ರೋಡ್ ಸವೆಸುತ್ತೆ, ನನ್ನ ಸೈಕಲ್ಲು ನನ್ನ ಮಂಡಿಚಿಪ್ಪು ಸವೆಸುತ್ತೆ. ಚಿಪ್ಪೇನು ಸರ್ಕಾರದ್ದಾ?"

ಬೆಂಚಿನವರೆಲ್ಲ ನಕ್ಕರು. ಉತ್ತರ ಹೊಳೆಯದಿದ್ದಾಗ ಗುಮಾಸ್ತನಾದವನು ಪ್ರಕಟಣೆ ಹೊರಡಿಸುತ್ತಾನೆ. ನಾನೂ ಹೊರಡಿಸಿದೆ. ಜೆರಾಕ್ಸ್ ಅಂಗಡಿಯಲ್ಲಿ ಟೈಪ್ ಮಾಡಿಸಿ, ಪಾರ್ಕಿನ ಗೇಟಿನ ಬೋರ್ಡಿಗೆ ಅಂಟಿಸಿದೆ.

"ಈ ಮೂಲಕ ಸಮಸ್ತ ಸೈಕಲ್ ಸವಾರರಿಗೆ ತಿಳಿಯಪಡಿಸುವುದೇನೆಂದರೆ, ಸದರಿ ವಾಹನಗಳಿಗೆ ರಸ್ತೆ ತೆರಿಗೆ ವಿಧಿಸಲಾಗಿದ್ದು, ಹಿತ್ತಾಳೆ ಬಿಲ್ಲೆ ಪಡೆದು ಮುಂಭಾಗದಲ್ಲಿ ಕಾಣುವಂತೆ ಅಳವಡಿಸತಕ್ಕದ್ದು. ಕಸುಬಿಗೆ ಬಳಸುವ ಸೈಕಲ್ಲುಗಳಿಗೆ ದುಪ್ಪಟ್ಟು ದರ ಅನ್ವಯಿಸುತ್ತದೆ. ತಪ್ಪಿದಲ್ಲಿ ಜಪ್ತು ಮಾಡಲಾಗುವುದು."

ಮೇಷ್ಟ್ರು ಒಮ್ಮೆ ಓದಿದರು, ಅಷ್ಟೇ. "ಅಳವಡಿಸತಕ್ಕದ್ದು ಅಂತ ಈ ಏರಿಯಾದಲ್ಲಿ ನಿಮ್ಮನ್ನ ಬಿಟ್ರೆ ಯಾರ್ರೀ ಬರೀತಾರೆ?" ಎಂದು ನನ್ನ ಬೆನ್ನಿಗೊಂದು ಗುದ್ದಿದರು. ತಮಾಷೆ ಅಲ್ಲಿಗೇ ಮುಗಿಯಬೇಕಿತ್ತು. ಚೀಟಿ ಕೀಳಲು ಹೋದಾಗ ಇಬ್ಬರು ನಿಂತು ಓದುತ್ತಿದ್ದರು. "ಆರ್ಡರ್ ಆಗ್ಬುಟ್ಟಿದೆ ಕಣೋ," ಎಂದ ಒಬ್ಬ, ಇನ್ನೊಬ್ಬ ಫೋನಿನಲ್ಲಿ ಫೋಟೊ ತೆಗೆದುಕೊಂಡ. ನಿವೃತ್ತಿಯಾದ ಮೇಲೆ ನನ್ನ ಬರವಣಿಗೆಯನ್ನು ಅಷ್ಟು ಗಮನವಿಟ್ಟು ಯಾರೂ ಓದಿರಲಿಲ್ಲ. ಹೆಮ್ಮೆಯಾಯಿತು. ಚೀಟಿಯನ್ನು ಅಲ್ಲೇ ಬಿಟ್ಟು ಬಂದೆ.

ನಮ್ಮ ಬೀದಿಗೆ ಪ್ರತಿ ಬುಧವಾರ ಮಂಡಿ ಮೊಹಲ್ಲಾದಿಂದ ಸಾಣೆಯವರೊಬ್ಬರು ಬರುತ್ತಿದ್ದರು. ಅವರ ಸೈಕಲ್ಲೇ ಅವರ ಯಂತ್ರ. ಸ್ಟ್ಯಾಂಡ್ ಹಾಕಿ, ಸೀಟಿನ ಮೇಲೆ ಕೂತು ತುಳಿದರೆ ಮುಂದೆ ಕಟ್ಟಿದ ಸಾಣೆಕಲ್ಲು ತಿರುಗಿ ಕಿಡಿ ಹಾರುತ್ತದೆ. ಎರಡು ಬುಧವಾರ ಅವರ ಸುಳಿವಿಲ್ಲ. "ಕುಂಬಳಕಾಯಿ ಈಳಿಗೆಮಣೆ ಮೇಲೆ ಕೂತ್ಕೊಂಡು ನನ್ನ ನೋಡಿ ನಗ್ತಿದೆ," ಎಂದು ನನ್ನ ಹೆಂಡತಿ ಗೊಣಗಿದಳು. ಆಗಲೂ ನನಗೆ ಪಾರ್ಕಿನ ಚೀಟಿಯ ನೆನಪಾಗಲಿಲ್ಲ.

ಆ ಶುಕ್ರವಾರ ಮಧ್ಯಾಹ್ನ ಸಾಣೆಯವರು ಬರಿಗೈಯಲ್ಲಿ ನಡೆದುಕೊಂಡೇ ಬಂದರು.

"ಸೈಕಲ್ ಎಲ್ರೀ?"

"ಮನೆ ಒಳಗೆ ಬಚ್ಚಿಟ್ಟಿವ್ನಿ ಸಾರ್. ಟ್ಯಾಕ್ಸ್ ಬಂದದಲ್ಲ, ಕಸುಬಿಗೆ ಡಬಲ್ ಅಂತೆ. ಫೋನಲ್ಲಿ ಎಲ್ರಿಗೂ ಬಂದದೆ. ನಮ್ಮಪ್ಪನ ಕಾಲದಲ್ಲೂ ಬಿಲ್ಲೆ ಇತ್ತು, ಈಗ ತಿರ್ಗಾ ತಂದವ್ರೆ. ನಾಳೆ ಬೆಳಿಗ್ಗೆ ಗುಜರಿಯವ್ರು ಬತ್ತರೆ, ಕೊಟ್ಬುಡಾನ ಅಂತ ಮನೇಲಿ ಹಟ. ನೀವು ಆಫೀಸಲ್ಲಿದ್ದೋರು, ಒಂದ್ ಅರ್ಜಿ ಬರ್ಕೊಡಿ."

"ಏನಂತ?"

"ನಂದು ಸ್ಟ್ಯಾಂಡ್ ಹಾಕಿ ತುಳಿಯೋ ಸೈಕಲ್ಲು. ದಿನವೆಲ್ಲ ತುಳುದ್ರೂ ಒಂದಡಿ ಮುಂದಕ್ಕೋಗಲ್ಲ. ಅದುಕ್ಕೆ ರೋಡ್ ಟ್ಯಾಕ್ಸು ಎಂಗಾಯ್ತದೆ ಸಾರ್?"

ಆಗಲೇ ಹೇಳಬೇಕಿತ್ತು. ನಾಚಿಕೆಗೆ ಕೈ ತಾನಾಗಿ ಪೆನ್ನು ಹಿಡಿಯಿತು. "ಅರ್ಜಿದಾರನ ವಾಹನವು ಬಹುಪಾಲು ನಿಂತಲ್ಲೇ ಚಲಿಸುವ ಸ್ವಭಾವದ್ದಾಗಿದ್ದು" ಎಂದು ಒಂದು ಪುಟ ಬರೆದೆ. ಬರೆಯುತ್ತಾ ವಾಕ್ಯದ ಬಗ್ಗೆ ಖುಷಿಯನ್ನೂ ಪಟ್ಟೆ. ಪ್ರಕಟಣೆಗಿಂತ ದೊಡ್ಡ ತಪ್ಪು ಅದೇ ಎಂದು ಈಗಲೂ ಅನ್ನಿಸುತ್ತದೆ.

ಅವರು ಅರ್ಜಿಯನ್ನು ಕಣ್ಣಿಗೊತ್ತಿಕೊಂಡು ಜೇಬಿಗಿಟ್ಟರು. ಗೇಟಿನ ತನಕ ಹೋದವರನ್ನು ನಾನು ಓಡಿಹೋಗಿ ತಡೆದೆ.

"ಟ್ಯಾಕ್ಸ್ ಇಲ್ಲ ಕಣ್ರೀ. ಆ ಆರ್ಡರ್ ಬರೆದೋನೂ ನಾನೇ. ಮೇಷ್ಟರನ್ನ ರೇಗಿಸೋಕೆ ಬರೆದದ್ದು."

ಅವರು ನನ್ನ ಮುಖ ನೋಡಿದರು. ಅರ್ಜಿ ತೆಗೆದು ಅದನ್ನೂ ನೋಡಿದರು. "ಇದೂ ಸುಳ್ಳಾ?"

"ಇಲ್ಲ, ಇದರಲ್ಲಿರೋದು ನಿಜ."

"ನಿಜಾನೂ ಸುಳ್ಳೂ ಒಂದೇ ತರ ಬರೀತೀರಲ್ಲ ಸಾರ್!"

ಅರ್ಜಿಯನ್ನು ಮಡಚಿ ನನ್ನ ಕೈಗಿಟ್ಟರು.

"ನಾನೇಳುದ್ರೆ ಮನೇಲಿ ನಂಬಲ್ಲ. ನಡೀರಿ, ನೀವೇ ಬಂದು ಹೇಳಿ," ಎಂದರು.

ಕಾರಿನಲ್ಲಿ ಕೂರಿಸಿಕೊಂಡು ಹೊರಟೆ. ದಾರಿಯಲ್ಲಿ ಪಾರ್ಕಿನ ಚೀಟಿ ಕಿತ್ತು ಜೇಬಿಗೆ ತುರುಕಿದೆ. ಮಂಡಿ ಮೊಹಲ್ಲಾದಲ್ಲಿ ಅವರ ಗಲ್ಲಿಗೆ ಕಾರು ನುಗ್ಗುವುದಿಲ್ಲ. ಇಳಿದು ನಡೆದೆವು. ಅವರ ಮನೆಯ ಪಕ್ಕವೇ ಪಂಕ್ಚರ್ ಅಂಗಡಿ. ಅಲ್ಲಿ ನಾಲ್ಕೈದು ಜನ ಸೈಕಲ್ಲಿನವರು ಇದ್ದರು. ಸಾಣೆಯವರ ಹೆಂಡತಿಯೂ ಬಾಗಿಲಿಗೆ ಬಂದರು. ಎಲ್ಲರ ಮುಂದೆ ನನ್ನ ತಪ್ಪು ಹೇಳಿದೆ. ಬೈಗುಳಕ್ಕೆ ಸಿದ್ಧನಾಗಿ ನಿಂತಿದ್ದೆ. ಬಂದದ್ದು ನಗು. ಬಾಳೆಹಣ್ಣು ಮಾರುವವರೊಬ್ಬರಿಗೆ ಮಾತ್ರ ನಿರಾಸೆ.

"ಅಯ್ಯೋ, ಇಲ್ವಾ? ನಾನು ಕಟ್ಬುಡಾನ ಅಂತಿದ್ದೆ."

"ಯಾಕಪ್ಪಾ?"

"ಬಿಲ್ಲೆ ಇದ್ರೆ ರೋಡ್ ಮಧ್ಯದಲ್ಲೇ ಹೋಗ್ಬೋದಲ್ಲ ಸಾರ್. ಹಿಂದ್ಗಡೆ ಕಾರ್‌ನೋನು ಹಾರ್ನ್ ಹೊಡುದ್ರೆ ಬಿಲ್ಲೆ ತೋರ್ಸಿ, ನಂದೂ ರೋಡು, ನಿಂತ್ಕಳಯ್ಯಾ ಅನ್ಬೋದಿತ್ತು!"

ಇದು ನನ್ನ ವಾದಕ್ಕೇ ಸಿಕ್ಕ ಬೆಂಬಲವಾಗಿತ್ತು. ಆದರೆ ಆ ಹಾರ್ನ್ ಹೊಡೆಯುವವನು ನಾನೇ ಆದ್ದರಿಂದ ಎಲ್ಲರಿಗಿಂತ ಕಡೆಯಲ್ಲಿ ನಕ್ಕೆ.

ಸಾಣೆಯವರ ಹೆಂಡತಿ ನಗಲಿಲ್ಲ. "ಎಲ್ಲಾ ಬಾಯಲ್ಲಿ ಹೇಳ್ತೀರ. ನಾಳೆ ಬೀದೀಲಿ ಪೊಲೀಸ್ನೋರು ಇಡ್ಕೊಂಡ್ರೆ? ಬರ್ದು ಕೊಡಿ," ಎಂದರು.

ಪಂಕ್ಚರ್ ಅಂಗಡಿಯಿಂದ ಒಂದು ಹಾಳೆ ಇಸಕೊಂಡು ಬರೆದೆ: "ಸೈಕಲ್ಲಿಗೆ ತೆರಿಗೆ ಇಲ್ಲ. ಇದೆ ಎಂದು ಬರೆದವನು ನಾನು. ತಪ್ಪಾಯಿತು." ಕೆಳಗೆ ನನ್ನ ಹೆಸರು, ಮನೆ ವಿಳಾಸ.

ಆಕೆ ಓದಿದರು. "ಇದೇನು, ಆರ್ಡರ್ ತರಾನೇ ಇಲ್ವಲ್ಲ. ಸೀಲೂ ಇಲ್ಲ."

"ಓದುದ್ರೆ ಅರ್ಥ ಆಯ್ತದಲ್ಲ, ಬುಡು," ಎಂದರು ಸಾಣೆಯವರು.

ಆಕೆ ಇನ್ನೊಮ್ಮೆ, ತುಟಿಯಾಡಿಸುತ್ತಾ ಓದಿದರು. ಆಮೇಲೆ ಗುಜರಿಯವನಿಗೆ ಬರಬೇಡವೆಂದು ಫೋನ್ ಮಾಡಲು ಗಂಡನಿಗೆ ಹೇಳಿ, ತಾವು ಒಳಗೆ ಹೋಗಿ ಸೈಕಲ್ಲಿನ ಮೇಲೆ ಹೊದಿಸಿದ್ದ ಹಳೆಯ ಸೀರೆಯನ್ನು ತೆಗೆದರು.